ಹಗೇವಿನ ಗಾಳಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಸೀಮೆಯಲ್ಲಿ ಹಿಂದಿನ ಒಕ್ಕಲಿಗರು ಬಿಳಿಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಬರಗಾಲದಲ್ಲಿ ಮನೆಮಂದಿಯ ಪ್ರಾಣವನ್ನುಳಿಸುವ ಧಾನ್ಯವದು. ಆದರೆ ಹಗೇವಿನ ಬಾಯಿ ತೆರೆದೊಡನೆ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಹುಡುಗರು ಆತುರಪಟ್ಟರೆ ಹಿರಿಯರು, “ತಡಿಯೋ ತಮ್ಮಾ, ಮೊದಲ ದೀಪಾ ಇಳೀಲಿ” ಎಂದು ಗದರುವರು. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ದೀಪವು ಆರಿದರೆ ಅಂದು ಯಾರೂ ಒಳಗೆ ಕಾಲಿಡರು.

ಶಾಸ್ತ್ರಗಳು ವಾಯುವನ್ನು ಒಂದೇ ಭೂತವೆಂದು ಎಣಿಸಿದವು. ರಸಾಯನಶಾಸ್ತ್ರವು ಅದನ್ನು ಬಿಡಿಸಿ ತೋರಿಸಿತು. ಒಣಗಾಳಿಯ ನೂರು ಪಾಲಿನಲ್ಲಿ ಸುಮಾರು 78 ಸಾರಜನಕ, 21 ಆಮ್ಲಜನಕ. ಇಂಗಾಲಾಮ್ಲವಾಯುವಾದರೋ ಹತ್ತು ಸಾವಿರ ಪಾಲಿಗೆ ನಾಲ್ಕರಷ್ಟು ಮಾತ್ರ.

ಜೋಳದ ಕಾಳು ಜೀವವುಳ್ಳದ್ದು, ಅದೂ ಉಸಿರಾಡುವುದು. ಮುಚ್ಚಿದ ಹಗೇವಿನಲ್ಲಿ ಕಾಳೂ ಹುಳವೂ ಆಮ್ಲಜನಕವನ್ನು ತೀರಿಸಿ ಇಂಗಾಲಾಮ್ಲವನ್ನು ಬಿಡುವವು. ಇದು ಗಾಳಿಗಿಂತ ಒಂದೂವರೆ ಪಟ್ಟು ಭಾರವಾದುದರಿಂದ ತಗ್ಗಿನಲ್ಲಿ ನಿಲ್ಲುವುದು, ಬಣ್ಣವಿಲ್ಲ, ವಾಸನೆಯಿಲ್ಲ. ಹುಳ ಸಾಯುವುದು, ಧಾನ್ಯ ಉಳಿಯುವುದು. ಅವಸರದಿಂದ ಇಳಿದವನಿಗೂ ಹುಳದ ಗತಿಯೇ. ಅವನನ್ನು ಎತ್ತಲು ಹಿಂದೆಯೇ ಇಳಿದ ಒಡಹುಟ್ಟಿದವನೂ ಮರಳಲಾರನು.

ಹಗೇವುಗಳು ಇಂದು ವಿರಳವಾದವು. ಪಾಳುಬಾವಿಗಳೂ ಮಲಗುಂಡಿಗಳೂ ಉಳಿದಿವೆ. ಮಲಗುಂಡಿಯಲ್ಲಿ ಹೊತ್ತಿಕೊಳ್ಳುವ ವಾಯುವೂ ಇರುವುದರಿಂದ ಅಲ್ಲಿ ದೀಪವೇ ಅಪಾಯ. ಬಾವಿಯಲ್ಲಿ ದೀಪ ಉರಿದರೂ ಅದು ಪೂರ್ಣ ಅಭಯವಲ್ಲ. ಗಾಳಿಯನ್ನು ಯಂತ್ರದಿಂದ ಪರೀಕ್ಷಿಸದೆ ಯಾರೂ ಇಳಿಯಬಾರದು. ಬಿದ್ದವನನ್ನು ಕಂಡು ಕರುಳು ಕಿವಿಚಿದರೂ, ತಾನೂ ಇಳಿಯದೆ, ತಿಳಿದವರನ್ನು ಕೂಗಿ ಕರೆಯಬೇಕು. ಹಗೇವಿನ ಬಾಯಲ್ಲಿ ಹಿರಿಯರು ತೋರುತ್ತಿದ್ದ ತಾಳ್ಮೆಯು ಇಂದಿನ ಮನೆಗಳಿಗೂ ಬೇಕಾದುದೇ.