ಒಂದೇ ಅರ್ಜಿ, ಎರಡು ಸಹಿ

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಮಕ್ಕಳು ಸುಳ್ಳು ಹೇಳಿದರೆ ನನಗೆ ಬೇಗ ಗೊತ್ತಾಗುತ್ತದೆ. ಆದರೆ ಗದರಿಸಲು ಬಾಯಿ ತೆರೆದಾಗೆಲ್ಲ ನನ್ನದೇ ಹಳೆಯ ಸುಳ್ಳೊಂದು ಅಡ್ಡ ಬಂದು ನಿಲ್ಲುತ್ತಿತ್ತು. ಹದಿನೇಳು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ. ಅದು ಹೆದ್ದಾರಿಯ ಕೆಳಗಿದ್ದ ಒಂದು ಪೈಪಿಗೆ ಸಂಬಂಧಿಸಿದ್ದು.

ನಮ್ಮೂರು ಹಾವೇರಿ ಸೀಮೆಯದು. ಎರೆ ಹೊಲ. ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುತ್ತೇವೆ. ಊರ ಪಕ್ಕದಲ್ಲೇ ಹೆದ್ದಾರಿ. ರಸ್ತೆಯ ಮೇಲ್ಬದಿಗೆ ನಮ್ಮ ನಾಲ್ಕು ಎಕರೆ, ಕೆಳಬದಿಗೆ ಕಾಕಾನ ಮೂರು ಎಕರೆ. ಕಾಕಾ ರಕ್ತಸಂಬಂಧಿಯೇನಲ್ಲ, ಅಪ್ಪನ ಜೊತೆ ದನ ಕಾಯ್ದು ಬೆಳೆದ ಗೆಳೆಯ. ಬಿತ್ತನೆಗೆ, ಕಳೆಗೆ ಎರಡೂ ಮನೆಯವರು ಮುಯ್ಯಿ ಆಳು ಹೋಗುತ್ತಿದ್ದೆವು. ಕಾಕಾನ ಮಗಳು ಮತ್ತು ನಾನು ಒಂದೇ ಬೆಂಚಿನಲ್ಲಿ ಕೂಡುತ್ತಿದ್ದೆವು.

ಮೊದಲಿದ್ದ ರಸ್ತೆ ನೆಲಮಟ್ಟದಲ್ಲೇ ಇತ್ತು. ಅದರ ಕೆಳಗೆ ಮೂರು ಕಣ್ಣಿನ ಕಲ್ಲಿನ ಮೋರಿ. ಬೇಸಿಗೆಯಲ್ಲಿ ಅದರೊಳಗೆ ನಾವು ಮನೆಯಾಟ ಆಡುತ್ತಿದ್ದೆವು. ಜೋರು ಮಳೆ ಬಂದರೆ ನೀರು ಮೋರಿಯಲ್ಲೂ ಹರಿದು, ರಸ್ತೆಯ ಮೇಲೂ ಹರಿದು, ಅರ್ಧ ದಿನದಲ್ಲಿ ಇಳಿದು ಹೋಗುತ್ತಿತ್ತು. ಅಷ್ಟು ಹೊತ್ತು ಬಸ್ಸು ನಿಲ್ಲುತ್ತಿತ್ತು, ಆದರೆ ಬೆಳೆ ಉಳಿಯುತ್ತಿತ್ತು.

ಆಮೇಲೆ ರಸ್ತೆ ನಾಲ್ಕು ಪಥದ್ದಾಯಿತು. ಆಳೆತ್ತರಕ್ಕೂ ಮೇಲೆ ಮಣ್ಣು ಏರಿಸಿದರು. ಕಲ್ಲಿನ ಮೋರಿ ಹೋಯಿತು. ಅದರ ಜಾಗದಲ್ಲಿ ಒಂದು ಗುಂಡು ಸಿಮೆಂಟ್ ಪೈಪು ಬಂತು. ಇದಕ್ಕೆ ನಮ್ಮ ಕಡೆ ‘ಸೀಡಿ’ ಅನ್ನುತ್ತಾರೆ. ಕ್ರಾಸ್ ಡ್ರೈನೇಜ್ ಎಂಬ ಮಾತಿನ ಮೊದಲಕ್ಷರಗಳು ಊರವರ ಬಾಯಲ್ಲಿ ಹಾಗೆ ಉಳಿದಿವೆ. ಪೈಪಿನ ಬಾಯಿ ನಮ್ಮ ಹೊಲದ ತಗ್ಗು ಮೂಲೆಗಿಂತ ಒಂದು ಮೊಳ ಎತ್ತರದಲ್ಲಿತ್ತು. ಬೇಸಿಗೆಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

2006ರ ಜುಲೈನಲ್ಲಿ ಗಮನಕ್ಕೆ ಬಂತು. ರಸ್ತೆ ಈಗ ಬರೀ ರಸ್ತೆಯಾಗಿರಲಿಲ್ಲ, ಇಳಿಜಾರಿಗೆ ಅಡ್ಡ ಕಟ್ಟಿದ ಒಡ್ಡಾಗಿತ್ತು. ಮೇಲಿನ ಹೊಲಗಳ ನೀರೆಲ್ಲ ನಮ್ಮ ಹೊಲಕ್ಕೆ ಬಂದು ನಿಂತಿತು. ಮೊಣಕಾಲೆತ್ತರದ ಗೋವಿನಜೋಳ ನಾಲ್ಕೇ ದಿನಕ್ಕೆ ಹಳದಿಯಾಯಿತು. ಬೇರಿಗೂ ಉಸಿರು ಬೇಕಲ್ಲ. ಆಚೆ ಬದಿಗೆ ಇನ್ನೊಂದು ಬಗೆಯ ಪಾಡು. ಮೊದಲು ಹೊಲದ ಅಗಲಕ್ಕೂ ಹರಡಿಕೊಂಡು ಇಳಿಯುತ್ತಿದ್ದ ನೀರು ಈಗ ಒಂದೇ ಬಾಯಿಂದ ಚಿಮ್ಮಿ ಕಾಕಾನ ಹೊಲದಲ್ಲಿ ಸೊಂಟದಾಳದ ಕೊರಕಲು ತೋಡಿತು.

ಮಳೆ ಎರಡು ದಿನ ಬಿಡುವು ಕೊಟ್ಟಾಗ ಕಾಕಾ ಮಣ್ಣು ತುಂಬಿದ ಚೀಲಗಳನ್ನು ತಮ್ಮ ಕಡೆಯ ಪೈಪಿನ ಬಾಯಿಗೆ ಜಡಿದರು. ಮತ್ತೆ ಮಳೆ ಹಿಡಿಯಿತು. ನಮ್ಮ ಹೊಲ ಕೆರೆಯಾಯಿತು. ಅಪ್ಪ ಹೋಗಿ ಕೇಳಿದರು.

“ನನ್ನ ಜ್ವಾಳ ಕೊಳಿಯಾಕ ಹತ್ತೇತಿ, ಚೀಲ ತಗಿ.”

“ತಗದ್ರ ನನ್ನ ಮೆಣಸಿನಗಿಡ ಮಣ್ಣು ಸಮೇತ ಹೊಕ್ಕಾವು. ನಾ ಎಲ್ಲಿ ಹೋಗ್ಲಿ?”

ಇಬ್ಬರ ಮಾತೂ ನಿಜವೇ. ಅದಕ್ಕೇ ಜಗಳ ಬಗೆಹರಿಯಲಿಲ್ಲ.

ಮೂರನೆಯ ರಾತ್ರಿ ಅಪ್ಪ ನನ್ನನ್ನು ಎಬ್ಬಿಸಿದರು. ಅವ್ವನಿಗೆ ಜ್ವರ, ಟಾರ್ಚ್ ಹಿಡಿಯಲು ಬೇರೆ ಯಾರೂ ಇರಲಿಲ್ಲ. ಅಪ್ಪ ಹಾರೆಯಿಂದ ಚೀಲ ಸೀಳಿದರು. ಎರಡನೆಯದು ಸೀಳುವಷ್ಟರಲ್ಲಿ ಉಳಿದವು ಗುಂಡಿನಂತೆ ಹಾರಿ ಬಂದವು. ಅಪ್ಪ ಪಕ್ಕಕ್ಕೆ ಬೀಳದಿದ್ದರೆ ನೀರಿನ ಜೊತೆ ಹೋಗಿಬಿಡುತ್ತಿದ್ದರು. ನನ್ನ ಕೈ ನಡುಗಿ ಟಾರ್ಚಿನ ಬೆಳಕು ಆಕಾಶಕ್ಕೆ ಹೋಯಿತು. ಕತ್ತಲಲ್ಲಿ ನೀರಿನ ಸದ್ದು ಮಾತ್ರ ಕೇಳುತ್ತಿತ್ತು.

ಬೆಳಿಗ್ಗೆ ಕಾಕಾನ ಮೆಣಸಿನ ಸಾಲುಗಳು ಇರಲಿಲ್ಲ. ಮಣ್ಣೂ ಇರಲಿಲ್ಲ, ಕೆಳಗಿನ ಗರಸು ಬಾಯಿ ಬಿಟ್ಟಿತ್ತು.

ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ಚೀಲ ನೀರಿನ ಒತ್ತಡಕ್ಕೆ ತಾನಾಗಿಯೇ ಕಿತ್ತು ಹೋಗಿರಬೇಕು ಎಂದರು ಅಪ್ಪ. ಒಬ್ಬ ಹಿರಿಯರು ನನ್ನ ಕಡೆ ತಿರುಗಿ, “ಸಣ್ಣ ಹುಡುಗ್ರು ಸುಳ್ಳು ಹೇಳಂಗಿಲ್ಲ. ನಿಮ್ಮಪ್ಪ ರಾತ್ರಿ ಎಲ್ಲಿದ್ದಾ, ಹೇಳವ್ವಾ” ಎಂದರು. ನಾನು ಅಪ್ಪನ ಮುಖ ನೋಡಲಿಲ್ಲ. “ಮನ್ಯಾಗ ಮಲಗಿದ್ದ” ಎಂದೆ.

ಮಾತು ಅಲ್ಲಿಗೆ ಮುಗಿಯಿತು. ಮರುದಿನ ಕಾಕಾನ ಮಗಳು ಬೇರೆ ಬೆಂಚಿಗೆ ಹೋಗಿ ಕೂತಳು. ಮುಂದಿನ ವರ್ಷ ಅವಳನ್ನು ಅಜ್ಜಿಯ ಊರಿಗೆ ಓದಲು ಕಳಿಸಿದರು. ಮುಯ್ಯಿ ಆಳು ನಿಂತಿತು. ಮದುವೆಯ ಕರೆಯೋಲೆಗಳೂ ನಿಂತವು.

ಆಮೇಲೆ ಅರ್ಜಿಗಳ ಕಾಲ. ಪೈಪು ಸಣ್ಣದು, ದೊಡ್ಡದು ಮಾಡಿ ಎಂದು ಅಪ್ಪ ಬರೆದರು. ದೊಡ್ಡದು ಮಾಡಬೇಡಿ, ನನ್ನ ಹೊಲ ಕೊಚ್ಚಿ ಹೋಗುತ್ತದೆ ಎಂದು ಕಾಕಾ ಬರೆದರು. ಕಚೇರಿಯಲ್ಲಿ ಎರಡನ್ನೂ ಒಂದೇ ಫೈಲಿಗೆ ಸೇರಿಸಿ, ‘ಮೊದಲು ನೀವಿಬ್ಬರೂ ಬಗೆಹರಿಸಿಕೊಂಡು ಬನ್ನಿ’ ಎಂದರು. ಪ್ರತಿ ಮಳೆಗಾಲಕ್ಕೂ ಇದೇ ಆಯಿತು. ನಮ್ಮ ಅರ್ಜಿ ಅವರದನ್ನು ಹೊಡೆಯುತ್ತಿತ್ತು, ಅವರ ಅರ್ಜಿ ನಮ್ಮದನ್ನು. ಲೆಕ್ಕದಲ್ಲಿ ಕೂಡುವ ಒಂದು, ಕಳೆಯುವ ಒಂದು ಸೇರಿದರೆ ಸೊನ್ನೆಯಾಗುವ ಹಾಗೆ.

2019ರ ಆಗಸ್ಟ್‌ನಲ್ಲಿ ವರದಾ ನದಿ ಉಕ್ಕಿ ನಮ್ಮ ಜಿಲ್ಲೆಯ ಎಷ್ಟೋ ಊರುಗಳು ಮುಳುಗಿದವು. ಅದು ನದಿಯ ನೀರು, ಎಲ್ಲರ ಕಣ್ಣಿಗೂ ಕಂಡಿತು. ರಸ್ತೆಯ ಬುಡದಲ್ಲಿ ನಿಂತ ನಾಲ್ಕೆಕರೆ ನೀರು ಯಾರ ಕಣ್ಣಿಗೆ ಕಾಣುತ್ತದೆ?

2023ರ ಮಾರ್ಚಿನಲ್ಲಿ ಪತ್ರಿಕೆಯ ಸುದ್ದಿಯೊಂದು ನನ್ನನ್ನು ಹಿಡಿದು ನಿಲ್ಲಿಸಿತು. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಗಿ ವಾರ ಕಳೆಯುವುದರೊಳಗೆ ರಾಮನಗರದ ಬಳಿ ಒಂದೇ ಮಳೆಗೆ ನೀರು ನಿಂತಿತ್ತು. ಹಿಂದಿನ ಆಗಸ್ಟ್‌ನಲ್ಲೂ ಅದೇ ಸೀಮೆಯಲ್ಲಿ ರಸ್ತೆ ಮುಳುಗಿತ್ತು. ಜನ ತಮ್ಮ ಹೊಲ, ಊರಿಗೆ ದಾರಿ ಮಾಡಿಕೊಳ್ಳಲು ಚರಂಡಿಗೆ ಮಣ್ಣು ತುಂಬಿದ್ದೇ ಈ ಸಲದ ಕಾರಣ ಎಂದು ರಸ್ತೆಯವರು ಹೇಳಿದ್ದರು. ಓದಿ ಸುಮ್ಮನೆ ಕೂತೆ. ಮಣ್ಣು ತುಂಬಿದವರ ಮನೆಯಲ್ಲೂ ನನ್ನಂಥ ಒಬ್ಬಳು ಹುಡುಗಿ ಇರಬಹುದು ಅನ್ನಿಸಿತು.

ಮರುದಿನ ಎಂಟನೆಯ ತರಗತಿಗೆ ಒಂದು ಲೆಕ್ಕ ಕೊಟ್ಟೆ. ಇದನ್ನು ಓದುತ್ತಿರುವ ಮಕ್ಕಳೂ ಮಾಡಿ ನೋಡಬಹುದು. ಒಂದು ಎಕರೆ ಎಂದರೆ ಸುಮಾರು 4,000 ಚದರ ಮೀಟರ್. 400 ಎಕರೆಯ ನೀರು ಒಂದೇ ಪೈಪಿನ ಕಡೆಗೆ ಬರುತ್ತದೆ. ಒಂದು ಸಂಜೆ 50 ಮಿಲಿಮೀಟರ್ ಮಳೆ ಸುರಿಯಿತು. ಅರ್ಧ ಭೂಮಿ ಕುಡಿಯಿತು, ಅರ್ಧ ಹರಿದು ಬಂತು. ಪೈಪಿನ ವ್ಯಾಸ 900 ಮಿಲಿಮೀಟರ್. ನೀರು ಅದರಲ್ಲಿ ಸೆಕೆಂಡಿಗೆ 2 ಮೀಟರ್ ಓಡುತ್ತದೆ. ಎಲ್ಲ ನೀರು ದಾಟಲು ಎಷ್ಟು ಹೊತ್ತು ಬೇಕು?

ಹರಿದು ಬಂದ ನೀರು 40,000 ಘನ ಮೀಟರ್, ಅಂದರೆ 4 ಕೋಟಿ ಲೀಟರ್. ಪೈಪಿನ ಬಾಯಿಯ ವಿಸ್ತೀರ್ಣ 0.64 ಚದರ ಮೀಟರ್. ಒಂದು ಸೆಕೆಂಡಿಗೆ ಹೆಚ್ಚೆಂದರೆ 1,270 ಲೀಟರ್ ದಾಟೀತು. ಉತ್ತರ, ಸುಮಾರು 9 ಗಂಟೆ. ಅರ್ಧ ಪೈಪಿನಲ್ಲಿ ಹೂಳು ತುಂಬಿದ್ದರೆ ಅದರ ಎರಡರಷ್ಟು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: “ಟೀಚರ್, ಪೈಪಿಗಿಂತ ಹೊಲಾನೇ ತಗ್ಗಿದ್ರ?”

ಹಾಗಿದ್ದರೆ ಆ ತಗ್ಗಿನ ನೀರು ಪೈಪನ್ನು ಮುಟ್ಟುವುದೇ ಇಲ್ಲ. ನಮ್ಮ ಹೊಲದಲ್ಲಿ ನೀರು ವಾರಗಟ್ಟಲೆ ನಿಲ್ಲುತ್ತಿದ್ದುದು ಅದಕ್ಕೇ. ಕಾಕಾ ಚೀಲ ಇಟ್ಟರೂ ಇಡದಿದ್ದರೂ ನಮ್ಮ ತಗ್ಗು ಮೂಲೆ ಕೊಳೆಯುತ್ತಲೇ ಇತ್ತು. ಇಷ್ಟು ವರ್ಷ ನಾವು ಜಗಳವಾಡಿದ್ದು ಮನುಷ್ಯನ ಜೊತೆ, ತಪ್ಪಿದ್ದದ್ದು ಮಟ್ಟದಲ್ಲಿ.

ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ನಕ್ಷೆ ಕೇಳಿದೆ. ಅದರಲ್ಲಿ ಹಳೆಯ ಮೂರು ಕಣ್ಣಿನ ಮೋರಿಯ ಗುರುತು ಇತ್ತು, ಅದರ ಮೇಲೆ ಒಂದೇ ಪೈಪಿನ ಗೀಟು. ಊರಿನ ಗ್ರಾಮ ನಕಾಶೆಯನ್ನೂ ತರಿಸಿದೆ. ಅದರಲ್ಲಿ ಇನ್ನೊಂದು ಸಂಗತಿ ಕಂಡಿತು. ಕಾಕಾನ ಹೊಲದ ಅಂಚಿನಲ್ಲಿ ಒಂದು ಹಳ್ಳ ಹರಿದಿತ್ತು. ಬಿ ಖರಾಬು ಎಂದರೆ ಹಳ್ಳ, ದಾರಿಗಳಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ. ಆ ಹಳ್ಳ ಅದಕ್ಕೆ ಸೇರಿದ್ದು. ಈಗ ಅಲ್ಲಿ ಹಳ್ಳವಿರಲಿಲ್ಲ. ವರ್ಷಕ್ಕೊಂದು ಸಾಲು ಒತ್ತುತ್ತ ಕಾಕಾ ಮತ್ತು ಅವರ ಆಚೆಯವರು ಉತ್ತುಬಿಟ್ಟಿದ್ದರು. ನಮ್ಮ ಕಡೆಯ ಹಳ್ಳವನ್ನೂ ನಮ್ಮ ಅಜ್ಜನ ಕಾಲದಲ್ಲೇ ಅರ್ಧ ನುಂಗಿದ್ದೆವು.

ಪರಿಚಯದ ವಕೀಲರೊಬ್ಬರು 1882ರ ಈಸ್ಮೆಂಟ್ ಕಾಯ್ದೆಯ ಮಾತು ಹೇಳಿದರು. ಮೇಲಿನ ಹೊಲದ ಮೇಲೆ ಬಿದ್ದ ನೀರು ಸಹಜವಾಗಿ ಕೆಳಗಿನ ಹೊಲಕ್ಕೆ ಇಳಿಯಲು ಕೆಳಗಿನವರು ಬಿಡಬೇಕು. ನಮ್ಮ ಅಪ್ಪನ ವಾದ ಅದೇ. ಆದರೆ ‘ಸಹಜವಾಗಿ’ ಎಂಬ ಮಾತನ್ನು ಮರೆಯಬೇಡಿ ಎಂದರು ಅವರು. ಹರಡಿಕೊಂಡು ಬರುತ್ತಿದ್ದ ನೀರನ್ನು ಒಂದೇ ಪೈಪಿನಿಂದ ತಂದು ಸುರಿದರೆ ಅದು ಸಹಜವಲ್ಲ. ಅದು ಕಾಕಾನ ವಾದ.

ಬೇಕಾದದ್ದು ಎರಡು ಕೆಲಸ: ತಗ್ಗಿನ ಮಟ್ಟಕ್ಕೆ ಒಂದು ಅಗಲವಾದ ಮೋರಿ, ಅಲ್ಲಿಂದ ಹಳ್ಳದವರೆಗೆ ಕಾಲುವೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಬೇಕು. ಅದಕ್ಕೆ ಎರಡು ಸಹಿ ಬೇಕು. ಕಾಕಾ ಸಹಿ ಹಾಕಬೇಕಾದರೆ ತಾವು ಉಳುತ್ತಿದ್ದ ಹಳ್ಳದ ಪಟ್ಟಿಯನ್ನು ಬಿಡಬೇಕು. ಅವರಿಗೆ ‘ಬಿಡಿ’ ಎಂದು ಹೇಳುವ ಮುಖ ನನಗಿತ್ತೇ?

ಅಪ್ಪನಿಗೆ ಹೇಳಿದೆ, ಆ ರಾತ್ರಿಯದನ್ನು ಕಾಕಾನಿಗೆ ಹೇಳಬೇಕು ಎಂದು. ಅಪ್ಪ ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು. “ನೀ ಹೋಗಿ ಹೇಳು. ನನ್ನ ಬಾಯಾಗ ಅದು ಬರೂದಿಲ್ಲ” ಎಂದರು.

ಒಬ್ಬಳೇ ಹೋದೆ. ಕಾಕಾ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ನಕಾಶೆ ಬಿಚ್ಚುವ ಮೊದಲೇ ಹೇಳಿಬಿಟ್ಟೆ. “ಚೀಲ ತಗದಾವ ಅಪ್ಪ, ಟಾರ್ಚ್ ಹಿಡದಾಕಿ ನಾನು. ಕಟ್ಟಿ ಮ್ಯಾಲೆ ಸುಳ್ಳು ಹೇಳಿದೆ.”

ಅವರ ಕೈ ನಿಂತಿತು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ, ಕ್ಷಮಿಸಿದೆ ಎಂದೂ ಅನ್ನಲಿಲ್ಲ. “ಆ ವರ್ಷ ಸಾಲ ತೀರ್ಸಾಕ ಜೋಡೆತ್ತು ಮಾರಿದ್ಯಾ. ಮುಂದಿನ ಕಾರಹುಣ್ಣಿಮಿಗೆ ಕರಿ ಹರಿಯಾಕ ನಮ್ಮ ಮನ್ಯಾಗ ಎತ್ತ ಇರಲಿಲ್ಲ. ಮಗಳು ಕೊಟಿಗ್ಯಾಗ ಕುಂತು ಅತ್ಲು” ಎಂದರು.

ನನ್ನಲ್ಲಿ ಮಾತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ನಕಾಶೆಯ ಕಡೆ ಕೈ ಚಾಚಿದರು. ಹಳ್ಳದ ಗೆರೆಯ ಮೇಲೆ ಬೆರಳಾಡಿಸಿದರು. “ಇದನ್ನ ನಾನೂ ನುಂಗೇನಿ. ಅದನ್ನ ಯಾರೂ ಕಟ್ಟಿಗೆ ತರಲಿಲ್ಲ” ಎಂದರು. ಸಹಿ ಹಾಕಲು ಎಂಟು ದಿನ ತೆಗೆದುಕೊಂಡರು. ಹಾಕಿದರು.

ಮೋರಿಯೇನೂ ಮರುದಿನವೇ ಬರಲಿಲ್ಲ. ಅರ್ಜಿಯ ಜೊತೆ ನಕಾಶೆ, ಮಕ್ಕಳು ಮಾಡಿದ ಲೆಕ್ಕ, ನೀರು ನಿಂತ ಫೋಟೊಗಳನ್ನು ಇಟ್ಟಿದ್ದೆವು. ಈ ಸಲ ‘ಬಗೆಹರಿಸಿಕೊಂಡು ಬನ್ನಿ’ ಎನ್ನಲು ಯಾರಿಗೂ ಅವಕಾಶವಿರಲಿಲ್ಲ, ಬಗೆಹರಿಸಿಕೊಂಡೇ ಹೋಗಿದ್ದೆವು. ಓಡಾಟದಲ್ಲಿ ಎರಡು ಮಳೆಗಾಲ ಕಳೆದವು. ಕಡೆಗೊಂದು ಬೇಸಿಗೆಯಲ್ಲಿ ಎರಡು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಪೆಟ್ಟಿಗೆ ಮೋರಿ ಬಂತು. ಹಳೆಯ ಪೈಪಿನ ಆರು ಪಟ್ಟಿಗೂ ಹೆಚ್ಚು. ತಳ ನಮ್ಮ ತಗ್ಗಿನ ಮಟ್ಟಕ್ಕೇ ಇದೆ. ಹಳ್ಳವನ್ನು ನಾವೇ ಎರಡೂ ಕಡೆಯವರು ಬಿಡಿಸಿದೆವು.

ಮೊದಲ ದೊಡ್ಡ ಮಳೆಗೆ ಅಪ್ಪ ಕೊಡೆ ಹಿಡಿದು ಹೋಗಿ ರಸ್ತೆಯ ಈಚೆ ನಿಂತರು. ಆಚೆ ಕಾಕಾ ಗೊಪ್ಪೆ ಹೊದ್ದು ನಿಂತಿದ್ದರು. ನಡುವೆ ಲಾರಿಗಳು ಹೋಗುತ್ತಿದ್ದವು. ಅವರು ಮಾತಾಡಿದ್ದು ನಾನು ಕಾಣೆ. ಆದರೆ ಈಗ ಪ್ರತಿ ವರ್ಷ ಕಾರಹುಣ್ಣಿಮೆಗೆ ಮೊದಲು ಮೋರಿಯ ಹೂಳು ತೆಗೆಯುವ ದಿನ ಇಬ್ಬರೂ ಸಲಿಕೆ ಹಿಡಿದು ಬರುತ್ತಾರೆ. ಅಪ್ಪ ಒಂದು ಬಾಯಿಂದ ಶುರು ಮಾಡುತ್ತಾರೆ, ಕಾಕಾ ಇನ್ನೊಂದು ಬಾಯಿಂದ. ನಡುವೆ ಎಲ್ಲೋ ಸಲಿಕೆಗಳು ತಾಗುತ್ತವೆ.

ಮುಂದಿನ ಸಲ ಬಸ್ಸಿನಲ್ಲಿ ಹೋಗುವಾಗ, ಮಕ್ಕಳೇ, ರಸ್ತೆಯ ಪಕ್ಕದ ಮೋರಿಗಳನ್ನು ಎಣಿಸಿ ನೋಡಿ. ಎಷ್ಟರ ಬಾಯಲ್ಲಿ ಹುಲ್ಲು ಬೆಳೆದಿದೆ, ಎಷ್ಟರಲ್ಲಿ ಮಣ್ಣು ತುಂಬಿದೆ ಎಂದು ಲೆಕ್ಕ ಇಡಿ. ಪ್ರತಿಯೊಂದರ ಆಚೆಗೂ ಈಚೆಗೂ ಒಂದೊಂದು ಮನೆಯ ಹೊಲ ಇರುತ್ತದೆ.