ಖರಾಡಿಯಲ್ಲಿ ಕಂಡ ಒಂದು ರನ್ನಿನ ಆಟ

ಪುಣೆಯಿಂದ ನಗರ ರೋಡು ಹಿಡಿದು ಪೂರ್ವಕ್ಕೆ ಹೊರಟರೆ ಬಲಗಡೆಗೆ ಖರಾಡಿ ಸಿಗುತ್ತದೆ. ಮುಳಾ-ಮುಠಾ ನದಿಯ ದಂಡೆಯ ಈ ಹಳ್ಳಿ 1997ರಲ್ಲಿ ಪುಣೆ ಮಹಾನಗರಪಾಲಿಕೆಗೆ ಸೇರಿತು. ಹೊಲಗಳಿದ್ದ ಕಡೆ ಈಗ ಐಟಿ ಪಾರ್ಕಿನ ಗಾಜಿನ ಕಟ್ಟಡಗಳೂ ಬಹುಮಹಡಿ ಮನೆಗಳೂ ಎದ್ದಿವೆ. ಆ ಮನೆಗಳಲ್ಲಿ ನಮ್ಮವರೂ ಇದ್ದಾರೆ. ಹಿರಿಯರ ಮಾತು ಧಾರವಾಡದ್ದೋ ಕಲಬುರಗಿಯದೋ ಆದರೆ, ಕೆಳಗೆ ಆಡುವ ಮಕ್ಕಳ ಮಾತು ಮರಾಠಿ.

ಹೀಗೆ ಎರಡು ನಾಡಿಗೆ ಸಲ್ಲುವ ಮಂದಿ ಆಟದಲ್ಲಿ ಯಾರ ಪಕ್ಷ ವಹಿಸಬೇಕು? ಈ ಪ್ರಶ್ನೆ ನಮಗೆ ಎದುರಾದದ್ದು 2017ರ ಮೇ 21, ರವಿವಾರ, ಖರಾಡಿಯ ನಮ್ಮ ಅಕ್ಕನ ಮನೆಯಲ್ಲಿ. ಅಂದು ರಾತ್ರಿ ಹೈದರಾಬಾದಿನಲ್ಲಿ ಐಪಿಎಲ್ ಕ್ರಿಕೆಟ್ಟಿನ ಅಂತಿಮ ಪಂದ್ಯ. ಪುಣೆಗೂ ಮುಂಬಯಿಗೂ ಹಣಾಹಣಿ. ನಮ್ಮ ಬೆಂಗಳೂರಿನವರು ಆ ವರ್ಷ ಕೋಲ್ಕತ್ತದಲ್ಲಿ 49 ರನ್ನಿಗೇ ಎಲ್ಲರೂ ಔಟಾಗಿ, ಕೊನೆಗೆ ಪಟ್ಟಿಯ ತಳದಲ್ಲಿ ಉಳಿದಿದ್ದರು. "ಮಾಮಾ, ಬೆಂಗಳೂರು ನಿಮ್ದು, ಪುಣೆ ನಮ್ದು" ಎಂದ ಅಕ್ಕನ ಮಗ. ನಾವೂ ಪುಣೆಯ ಕಡೆಗೇ ಕುಳಿತೆವು.

ಅದೇ ವರ್ಷ ಮುಂಬಯಿಯೊಡನೆ ಆಡಿದ ಮೂರು ಪಂದ್ಯಗಳನ್ನೂ ಪುಣೆ ಗೆದ್ದಿತ್ತು. ಆ ರಾತ್ರಿಯೂ ಮುಂಬಯಿ 79 ರನ್ನಿಗೆ 7 ವಿಕೆಟ್ ಕಳೆದುಕೊಂಡಿತು. ಉನದ್ಕತ್ ನಾಲ್ಕು ಓವರಿನಲ್ಲಿ ಕೊಟ್ಟದ್ದು 19 ರನ್ನು ಮಾತ್ರ. ಕೃಣಾಲ್ ಪಾಂಡ್ಯ ತಾಳ್ಮೆಯಿಂದ ನಿಂತು 47 ರನ್ನು ಹೊಡೆದದ್ದರಿಂದ ಮೊತ್ತ 129 ಮುಟ್ಟಿತು. ಭಾವನವರು, "ಇನ್ನೇನು, ಊಟಕ್ಕ ಏಳ್ರಿ, ಗೆದ್ದಂಗ" ಎಂದರು.

ಆದರೆ ಕಡಿಮೆ ರನ್ನಿನ ಆಟ ತಿಂಗಳ ಕೊನೆಯ ವಾರದ ಸಂಸಾರವಿದ್ದಂತೆ. ಒಂದೊಂದು ರೂಪಾಯಿಗೂ ಲೆಕ್ಕ. ರಹಾನೆ 44, ನಾಯಕ ಸ್ಮಿತ್ 51 ಹೊಡೆದರೂ ರನ್ನು ಬರುವುದು ನಿಧಾನವಾಯಿತು. ಕೊನೆಯ ಓವರಿಗೆ 11 ರನ್ನು ಬೇಕಾಗಿತ್ತು. ಚೆಂಡು ಜಾನ್ಸನ್ನನ ಕೈಯಲ್ಲಿ. ಮೊದಲ ಎಸೆತಕ್ಕೆ ತಿವಾರಿ ನಾಲ್ಕು ಹೊಡೆದಾಗ ಮನೆಯೇ ಎದ್ದು ಕುಣಿಯಿತು. ಎರಡನೆಯದಕ್ಕೆ ಅವನು ಔಟು. ಮೂರನೆಯದಕ್ಕೆ ಸ್ಮಿತ್ ಔಟು. ನಾಲ್ಕನೆಯದಕ್ಕೆ ಒಂದು, ಐದನೆಯದಕ್ಕೆ ಎರಡು. ಕೊನೆಯ ಎಸೆತಕ್ಕೆ ನಾಲ್ಕು ಬೇಕು. ಎರಡು ರನ್ನು ಓಡಿದರು. ಸಮ ಮಾಡಲು ಮೂರನೆಯದಕ್ಕೆ ಓಡುತ್ತಿರುವಾಗ ಅಂಗಳದಿಂದ ಚೆಂಡು ಬಂತು. ವಿಕೆಟ್‌ಕೀಪರ್ ಪಾರ್ಥಿವ್ ಪಟೇಲ್ ಬೇಲ್ಸು ಹಾರಿಸಿದ. ಪುಣೆ 128. ಒಂದೇ ರನ್ನಿನ ಸೋಲು!

ಹುಡುಗನ ಕಣ್ಣಲ್ಲಿ ನೀರು. ಅಡಿಗೆಮನೆಯಿಂದ ಬಂದ ಅಕ್ಕ, "ಯಾಂವ ಒಗದಾಂವ?" ಎಂದು ಕೇಳಿದಳು. ಚೆಂಡೆಸೆದವನು ಬದಲಿ ಆಟಗಾರನಾಗಿ ಅಂಗಳಕ್ಕೆ ಬಂದಿದ್ದ ಜೆ. ಸುಚಿತ್. "ಮೈಸೂರಿನ ಹುಡುಗ" ಎಂದರು ಭಾವನವರು. ಆಗ ಮಗ ಕೇಳಿದ: "ಹಂಗಾರ ಅಂವ ನಮ್ಮಾಂವನೋ, ಅಲ್ಲೋ?" ನಮ್ಮಲ್ಲಿ ಯಾರಿಗೂ ತಟ್ಟನೆ ಉತ್ತರ ಹೊಳೆಯಲಿಲ್ಲ.

ಆ ಪುಣೆ ತಂಡ ಈಗಿಲ್ಲ. ಅಮಾನತಿನಲ್ಲಿದ್ದ ಚೆನ್ನೈ, ರಾಜಸ್ಥಾನ ತಂಡಗಳ ಜಾಗದಲ್ಲಿ ಎರಡು ವರ್ಷಕ್ಕೆಂದು ಬಂದ ಎರಡು ತಂಡಗಳಲ್ಲಿ ಅದೂ ಒಂದು. ಆ ಸೋಲಿನೊಂದಿಗೆ ಅದರ ಆಯುಷ್ಯ ಮುಗಿಯಿತು. ಬೆಂಗಳೂರು 2025ರಲ್ಲಿ ಮೊದಲ ಸಲ ಪ್ರಶಸ್ತಿ ಗೆದ್ದಿತು. ಆದರೂ ಆ ಒಂದು ರನ್ನಿನ ನೋವು ಖರಾಡಿಯ ಎಷ್ಟೋ ಮಕ್ಕಳಿಗೆ ಮರೆತಿಲ್ಲ. ಅನ್ನ ಕೊಟ್ಟ ಊರಿನ ಸೋಲಿಗೆ ನಮ್ಮ ಮಕ್ಕಳು ಅತ್ತರೆಂದು ಹಿರಿಯರು ಬೇಸರಪಡಬೇಕಾಗಿಲ್ಲ. ಮೈಸೂರಿನ ಹುಡುಗನ ಎಸೆತವನ್ನು ಅದೇ ಬಾಯಲ್ಲಿ ಹೊಗಳಲು ಕಲಿಸಿದರೆ ಸಾಕು.