ಅನ್‌ಲಿಮಿಟೆಡ್, 22ನೇ ತಾರೀಖಿನವರೆಗೆ

ನಮ್ಮ ಹಾಸನದ ಮನೆಯ ಬ್ರಾಡ್‌ಬ್ಯಾಂಡ್ ಪ್ಲಾನಿನ ಹೆಸರಲ್ಲೇ ‘ಅನ್‌ಲಿಮಿಟೆಡ್’ ಅಂತ ಇದೆ. ಆ ಪದದ ತಲೆ ಮೇಲೆ ಒಂದು ಪುಟ್ಟ ನಕ್ಷತ್ರ. ಪಾಂಪ್ಲೆಟ್‌ನ ಕೆಳತುದಿಯಲ್ಲಿ ಇರುವೆ ಸೈಜಿನ ಅಕ್ಷರದಲ್ಲಿ ಆ ನಕ್ಷತ್ರದ ಅರ್ಥ ಕೊಟ್ಟಿದ್ದಾರೆ: 500 ಜಿಬಿ ಮುಗಿದ ಮೇಲೆ ಸ್ಪೀಡ್ 2 ಎಂಬಿಪಿಎಸ್. ಅಂದ್ರೆ ನೆಟ್ ನಿಲ್ಲಲ್ಲ, ತೆವಳುತ್ತೆ. ಇದಕ್ಕೆ ಇಟ್ಟಿರೋ ಹೆಸರು ಫೇರ್ ಯೂಸೇಜ್ ಪಾಲಿಸಿ. ಫೇರ್ ಯಾರಿಗೆ ಅನ್ನೋದೇ ನನ್ನ ಪ್ರಶ್ನೆ.

ನಮ್ಮದು ಐದು ಜನರ ಮನೆ. ಅಣ್ಣನಿಗೆ ವರ್ಕ್ ಫ್ರಮ್ ಹೋಮ್. ತಾತನಿಗೆ ಟಿವಿಯಲ್ಲಿ ಹಳೇ ಸಿನಿಮಾ ಬೇಕು. ಎಚ್‌ಡಿ ವಿಡಿಯೋ ಗಂಟೆಗೆ ಎರಡು ಮೂರು ಜಿಬಿ ತಿನ್ನುತ್ತೆ. ನನ್ನ ಲೆಕ್ಚರ್ ವಿಡಿಯೋ, ಸಾಫ್ಟ್‌ವೇರ್ ಡೌನ್‌ಲೋಡ್ ಬೇರೆ. ಎಲ್ಲಾ ಸೇರಿ ದಿನಕ್ಕೆ ಸುಮಾರು 22 ಜಿಬಿ. ಹಾಗಾಗಿ ಪ್ರತಿ ತಿಂಗಳು 22, 23ನೇ ತಾರೀಖಿಗೆ ನಮ್ಮ ‘ಅನ್‌ಲಿಮಿಟೆಡ್’ ಮುಗಿಯುತ್ತೆ.

ನನಗೋ ಅಣ್ಣನಿಗೋ ಆದ್ರೆ ಮೊಬೈಲ್ ಡೇಟಾ ಹಾಕ್ಕೊಂಡು ಹೇಗೋ ಸಂಭಾಳಿಸ್ತೀವಿ. ಕಷ್ಟ ಆಗಿದ್ದು ಅಮ್ಮನಿಗೆ. 2020ರ ಲಾಕ್‌ಡೌನ್‌ನಲ್ಲಿ ಅಮ್ಮ ಆನ್‌ಲೈನ್‌ನಲ್ಲಿ ಸಂಗೀತ ಪಾಠ ಶುರು ಮಾಡಿದಳು. ಈಗ ಹನ್ನೊಂದು ಮಕ್ಕಳು, ಸಂಜೆ ಏಳರಿಂದ ಎಂಟು. ಮದುವೆಯಾದ ಇಷ್ಟು ವರ್ಷದಲ್ಲಿ ಅವಳ ಹೆಸರಿನ ಅಕೌಂಟಿಗೆ ಅವಳೇ ದುಡಿದ ದುಡ್ಡು ಬರ್ತಿರೋದು ಇದರಿಂದಲೇ.

2 ಎಂಬಿಪಿಎಸ್‌ನಲ್ಲಿ ಒಂದು ವಿಡಿಯೋ ಕಾಲ್ ನಡೆಯುತ್ತೆ, ಸುಳ್ಳಲ್ಲ. ಆದರೆ ಅದೇ ಹೊತ್ತಿಗೆ ಅಣ್ಣನ ಮೀಟಿಂಗ್ ಇದ್ದು, ಯಾವುದೋ ಫೋನ್ ತನ್ನಷ್ಟಕ್ಕೆ ಅಪ್‌ಡೇಟ್ ಆಗ್ತಿದ್ರೆ, ಪ್ಯಾಕೆಟ್‌ಗಳೆಲ್ಲ ರೇಷನ್ ಅಂಗಡಿ ಮುಂದೆ ನಿಂತ ಹಾಗೆ ಸಾಲಲ್ಲಿ ನಿಲ್ಲುತ್ತವೆ. ಮಾತು ಒಂದು ಸೆಕೆಂಡ್ ತಡವಾದ್ರೆ ‘ಹಲೋ ಹಲೋ’ ಅಂದು ಮುಂದುವರಿಸಬಹುದು. ಆದಿತಾಳದ ಎಂಟು ಎಣಿಕೆಯಲ್ಲಿ ಎರಡು ನುಂಗಿಹೋದ್ರೆ ಪಾಠವೇ ಇಲ್ಲ. ಅಮ್ಮ ಸರಳೆ ವರಸೆ ಹೇಳಿಕೊಟ್ರೆ ಆ ಕಡೆಯ ಮಗುವಿಗೆ ‘ಸ ರಿ’ ಆದಮೇಲೆ ನೇರವಾಗಿ ‘ದ ನಿ’ ಕೇಳಿಸುತ್ತೆ.

ಜೂನ್‌ನಲ್ಲಿ ಇಬ್ಬರು ಮಕ್ಕಳು ಬಿಟ್ಟರು. ‘ಇಲ್ಲೇ ಹತ್ತಿರದಲ್ಲಿ ಟೀಚರ್ ಸಿಕ್ಕಿದ್ದಾರೆ ಮೇಡಂ’ ಅಂತ ಒಬ್ಬರು ಮರ್ಯಾದೆಯಿಂದಲೇ ಮೆಸೇಜ್ ಹಾಕಿದ್ದರು. ಅಮ್ಮ ಕಂಪನಿಯನ್ನ ಬೈಯಲಿಲ್ಲ. ‘ನಂಗೇ ಈ ಫೋನೆಲ್ಲ ಸರಿಯಾಗಿ ಬರಲ್ವೇನೋ ಕಣೋ’ ಅಂದಳು. ನನಗೆ ಸಿಟ್ಟು ಬಂದಿದ್ದು ಆವಾಗ. ದುಡ್ಡು ತಗೊಂಡು ಸ್ಪೀಡ್ ಇಳಿಸಿದವರು ಆರಾಮಾಗಿದ್ದಾರೆ, ದುಡ್ಡು ಕೊಟ್ಟವಳು ತನ್ನನ್ನೇ ತಪ್ಪಿತಸ್ಥೆ ಅಂದ್ಕೊಂಡಿದ್ದಾಳೆ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಸಿದ್ಧ ಉತ್ತರ: ‘ನಿಮ್ಮ ವೈಫೈ ಪ್ರಾಬ್ಲಂ ಸರ್, ರೂಟರ್ ಆಫ್ ಮಾಡಿ ಆನ್ ಮಾಡಿ.’ ಹಾಗಾಗಿ ಮುಂದಿನ ತಿಂಗಳು ಕೋಟಾ ಇನ್ನೂ ತುಂಬಿರುವಾಗಲೇ, ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ ಒಂದು ವಾರ ಸ್ಪೀಡ್ ಅಳೆದೆ. ಪ್ಲಾನು 100 ಎಂಬಿಪಿಎಸ್. ಬೆಳಗ್ಗೆ ಆರಕ್ಕೆ 94 ಬರ್ತಿತ್ತು. ರಾತ್ರಿ ಒಂಬತ್ತಕ್ಕೆ 14, ಒಂದು ದಿನ 9.

ಟೇಬಲ್ ಮಾಡಿ ಮೇಲ್ ಕಳಿಸಿದ ಮೇಲೆ ಲೈನ್‌ಮ್ಯಾನ್ ಅಣ್ಣ ಬಂದರು. ಅವರು ಸುಳ್ಳು ಹೇಳಲಿಲ್ಲ. ‘ಒಂದೇ ಬಾಕ್ಸಿಂದ ಬಾಳ ಮನೆಗೆ ಕೊಟ್ಟವ್ರೆ, ನಾನೇನ್ ಮಾಡ್ಲಿ’ ಅಂದ್ರು. ನೆಟ್‌ವರ್ಕ್ಸ್ ಸಬ್ಜೆಕ್ಟ್ ನಮಗೆ ಇನ್ನೂ ಬಂದಿಲ್ಲ, ನಾನೇ ಓದಿಕೊಂಡೆ. ಮನೆಗೆ ಬರೋ ಫೈಬರ್ ಸಾಮಾನ್ಯವಾಗಿ ಜಿಪಾನ್ ಅನ್ನೋ ತಂತ್ರಜ್ಞಾನದ್ದು. ಒಂದು ಪೋರ್ಟಿನ ಸುಮಾರು 2.5 ಜಿಬಿಪಿಎಸ್ ಅನ್ನು ಸ್ಪ್ಲಿಟರ್ ಹಾಕಿ 32 ಅಥವಾ 64 ಮನೆಗೆ ಹಂಚ್ತಾರೆ. 64 ಮನೆಯವರೂ ಒಟ್ಟಿಗೆ ಕೇಳಿದ್ರೆ ತಲಾ 39. ಎಲ್ಲರೂ ಒಂದೇ ಕ್ಷಣ ಕೇಳಲ್ಲ ಅನ್ನೋ ನಂಬಿಕೆ ಮೇಲೆ ಈ ವ್ಯವಹಾರ ನಡೆಯುತ್ತೆ. ಅದು ತಪ್ಪೂ ಅಲ್ಲ, ಜಗತ್ತಿನಲ್ಲೆಲ್ಲ ಹಾಗೇ ಮಾಡೋದು. ಆದರೆ ಹಂಚೋದಕ್ಕೂ ಒಂದು ಮಿತಿ ಬೇಡವಾ?

ಇಲ್ಲೇ ಡೇಟಾ ಕ್ಯಾಪ್‌ನ ಲಾಜಿಕ್ ಕೈಕೊಡುತ್ತೆ. ಟ್ರಾಫಿಕ್ ಜಾಮ್ ಆಗೋದು ರಾತ್ರಿ ಎಂಟರಿಂದ ಹನ್ನೊಂದು. ನಾನು ಬೆಳಗಿನ ಜಾವ ಮೂರಕ್ಕೆ 20 ಜಿಬಿ ಇಳಿಸಿದ್ರೆ ಯಾರಿಗೂ ತೊಂದರೆ ಇಲ್ಲ, ಆದರೂ ಅದು ಕೋಟಾದಲ್ಲಿ ಕಳೆಯುತ್ತೆ. ಹೈವೇಯಲ್ಲಿ ಜಾಮ್ ಆಗ್ತಿದೆ ಅಂತ, ತಿಂಗಳಿಗೆ ಇಷ್ಟೇ ಕಿಲೋಮೀಟರ್ ಓಡಿಸು ಅಂದ ಹಾಗೆ. ಜಾಮ್‌ಗೆ ಬೇಕಿರೋದು ಇನ್ನೊಂದು ಲೇನ್.

ನಿಯಮ ಇಲ್ಲದೆ ಇಲ್ಲ. 2016ರ ಅಕ್ಟೋಬರ್‌ನಲ್ಲಿ ಟ್ರಾಯ್ ಹೇಳಿತ್ತು: ಕೋಟಾ ಶೇ 50, 90 ಮತ್ತು 100 ತಲುಪಿದಾಗ ಗ್ರಾಹಕರಿಗೆ ತಿಳಿಸಬೇಕು, ಆಮೇಲೆ ಸ್ಪೀಡನ್ನ 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಸಬಾರದು. ಆ 512ರಲ್ಲಿ ಒಂದು ಜಿಬಿ ಇಳಿಸೋಕೆ ನಾಲ್ಕು ಗಂಟೆ ದಾಟುತ್ತೆ, ಲೆಕ್ಕ ಹಾಕಿ ನೋಡಿ. 2023ರ ಜನವರಿಯಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್‌ನ ವ್ಯಾಖ್ಯೆಯನ್ನೇ ಕನಿಷ್ಠ 2 ಎಂಬಿಪಿಎಸ್‌ಗೆ ಏರಿಸಿತು. ಅಂದ್ರೆ ಕ್ಯಾಪ್ ಆದಮೇಲೆ ನಮಗೆ ಸಿಗೋದು ‘ಬ್ರಾಡ್‌ಬ್ಯಾಂಡ್’ ಅನ್ನೋ ಪದದ ಕಟ್ಟಕಡೆಯ ಮೆಟ್ಟಿಲು. ನಮಗಂತೂ ಶೇ 50ರ ಮೆಸೇಜ್ ಒಂದು ಸಲವೂ ಬಂದಿಲ್ಲ. ಅದನ್ನೂ ಕಂಪ್ಲೇಂಟ್‌ನಲ್ಲಿ ಬರೆದೆ. ಎರಡೇ ದಿನಕ್ಕೆ ‘ರಿಸಾಲ್ವ್ಡ್’ ಅಂತ ಕ್ಲೋಸ್ ಮಾಡಿದರು. ಡಾಕೆಟ್ ನಂಬರ್ ಹಿಡಿದು ಅದೇ ಕಂಪನಿಯ ಅಪೀಲ್ ಅಥಾರಿಟಿಗೆ ಬರೆದೆ. ಹತ್ತು ದಿನಕ್ಕೆ ನಮ್ಮ ಲೈನನ್ನು ಬೇರೆ ಪೋರ್ಟ್‌ಗೆ ಹಾಕಿದರು. ಈಗ ರಾತ್ರಿ ಒಂಬತ್ತಕ್ಕೆ 55 ಬರುತ್ತೆ. ಕ್ಯಾಪ್ ಹಾಗೇ ಇದೆ. ನಮ್ಮ ಬೀದಿಗೆ ಬೇರೆ ಫೈಬರ್ ಬಂದಿಲ್ಲ, ಬಿಟ್ಟು ಹೋಗೋಣ ಅಂದ್ರೆ ಎಲ್ಲಿಗೆ?

ಕ್ಯಾಪ್ ಹಾಕೋದೇ ಬೇಡ ಅಂತ ನಾನು ಹೇಳ್ತಿಲ್ಲ. 500 ಅಂದ್ರೆ 500 ಅಂತ ದೊಡ್ಡಕ್ಷರದಲ್ಲಿ ಬರೀರಿ, ಕೊಡೋಕಾಗದ ಸ್ಪೀಡ್ ಮಾರಬೇಡಿ, ಅಷ್ಟೇ. ಬಿಟ್ಟುಹೋದ ಇಬ್ಬರು ಮಕ್ಕಳು ವಾಪಸ್ ಬರಲಿಲ್ಲ. ಆದರೆ ಆ ಟೇಬಲ್ ತೋರಿಸಿದ ಮೇಲೆ ಅಮ್ಮ, ದನಿ ಒಡೆದಾಗೆಲ್ಲ ಪೇರೆಂಟ್ಸ್‌ಗೆ ತಾನೇ ಹೇಳ್ತಾಳೆ: ‘ನೆಟ್‌ನವರು ಸ್ಪೀಡ್ ಇಳಿಸಿದ್ದಾರೆ, ಈ ಪಾಠ ನಾಳೆ ಬೆಳಗ್ಗೆ ಮತ್ತೆ ತಗೋತೀನಿ.’

ನಿಮ್ಮ ಮನೇಲೂ ಯಾರಾದ್ರೂ ‘ನಂಗೇ ಬರಲ್ಲ’ ಅಂತಿದ್ರೆ, ಮೊದಲು ಒಂದು ಲ್ಯಾನ್ ಕೇಬಲ್ ಹುಡುಕಿ.